ಭಾಗಪತ್ರದಲ್ಲಿ ನೀರಿನ ದಾರಿ ಬರೆಯೋರು ಯಾರು?

ಕಳೆದ ವರ್ಷ ಚಿತ್ತೆ ಮಳೆಯಲ್ಲಿ, ಬೈರಾಪಟ್ಟಣದ ಆಸುಪಾಸಿನ ಒಂದು ಊರಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಕಾಂಪೌಂಡ್ ಗೋಡೆ ಬಿತ್ತು. ಊರಿನ ಹೆಸರು ಬೇಡ, ಮನೆಯವರ ಹೆಸರೂ ಬೇಡ. ಗೋಡೆಯ ಮೇಲ್ಗಡೆ ಅಣ್ಣನ ಮನೆ, ಕೆಳಗಡೆ ತಮ್ಮನ ಹಿತ್ತಲು. ಸುಮಾರು ಇಪ್ಪತ್ತು ಅಡಿ ಗೋಡೆ ಮಣ್ಣು ಸಮೇತ ತಮ್ಮನ ಕೊಟ್ಟಿಗೆಯ ಮೇಲೆ ಕುಸಿಯಿತು. ಒಂದು ಕರು ಸತ್ತಿತು. ಆ ಕೊಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಅಜ್ಜಿ, ಅಂದರೆ ಇಬ್ಬರ ತಾಯಿ, ಅವತ್ತು ಮಗಳ ಮನೆಗೆ ಹೋಗಿದ್ದರು. ಅಷ್ಟೇ ಪುಣ್ಯ.

ನಮ್ಮಲ್ಲೊಬ್ಬರ ಊರು ಅದರ ಪಕ್ಕದಲ್ಲೇ. ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಜಗಳ ಜೋರಾಗಿತ್ತು.

"ಮಳೆ ಏನು ನಾನು ಸುರಿಸ್ದೆನಾ?" ಅಂತ ಅಣ್ಣ.

"ಮಳೆ ನೀನ್ ಸುರಿಸ್ನಿಲ್ಲ ಕಣಣ್ಣ. ಪೈಪು ನೀನೇ ತಾನೆ ಇಟ್ಟಿದ್ದು?" ಅಂತ ತಮ್ಮ.

ಈ ಎರಡು ಮಾತಿನ ನಡುವೆ ಇರುವುದೇ ನಮ್ಮ ಊರುಗಳ ಅರ್ಧ ಜಗಳ. ಅದರ ಬಗ್ಗೆ ಬರೆಯಬೇಕು ಅಂತ ಅವತ್ತೇ ಅಂದುಕೊಂಡಿದ್ದೆವು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ತಮ್ಮ ಹೇಳಿದ್ದು ಸರಿ. ಮಳೆ ಯಾರದ್ದೂ ಅಲ್ಲ, ಪೈಪು ಮಾತ್ರ ಇಟ್ಟವರದ್ದು. ಇಳಿಜಾರಿನಲ್ಲಿ ಮೇಲಿರುವವರು ತಮ್ಮ ನೀರಿಗೆ ದಾರಿ ತೋರಿಸದೆ ಸಿಮೆಂಟ್ ಹಾಕಬಾರದು. ಆ ದಾರಿ ಯಾವುದು ಅನ್ನೋದು ಜಾಗ ಭಾಗವಾಗುವ ದಿನವೇ ಕಾಗದದ ಮೇಲೆ ಬರಬೇಕು.

ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30-40 ಸೈಟು ಅಂದರೆ 1200 ಚದರಡಿ, ಸುಮಾರು 111 ಚದರ ಮೀಟರ್. ಅದರ ತುಂಬ ತಾರಸಿ, ಮಿಕ್ಕ ಅಂಗಳಕ್ಕೆಲ್ಲ ಕಾಂಕ್ರೀಟು ಅಂತಿಟ್ಟುಕೊಳ್ಳಿ. ಒಂದು ರಾತ್ರಿ 50 ಮಿ.ಮೀ. ಹೊಯ್ದರೆ ಐದೂವರೆ ಸಾವಿರ ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುತ್ತೇವಲ್ಲ, ಹೆಚ್ಚೂಕಡಿಮೆ ಅಂಥದೇ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ನೀರು. ಆ ಟ್ಯಾಂಕರಿನ ನಲ್ಲಿಯನ್ನು ತಮ್ಮನ ಗೋಡೆ ಬುಡಕ್ಕೆ ಬಿಟ್ಟ ಹಾಗೆ. ನಮ್ಮ ಕಡೆ ವರ್ಷಕ್ಕೆ 800ರಿಂದ 900 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನೆಲ ಆಗಲೇ ನೆನೆದಿರುವಾಗ ಬರುತ್ತದೆ.

ಹಿಂದೆ ಏನಾಗುತ್ತಿತ್ತು? ಹಂಚಿನ ಮನೆಗೆ ಉದ್ದಕ್ಕೂ ಸೂರು. ನೀರು ಸೂರಿನ ಉದ್ದಕ್ಕೂ ಹನಿಹನಿಯಾಗಿ ಬೀಳುತ್ತಿತ್ತು, ಒಂದೇ ಕಡೆ ದಬದಬ ಅಂತ ಸುರಿಯುತ್ತಿರಲಿಲ್ಲ. ಅಂಗಳ ಮಣ್ಣಿನದು. ಹಿತ್ತಲಲ್ಲಿ ತಿಪ್ಪೆ, ಬಾಳೆ, ಕೆಸು, ಕಲ್ಲು ಗುಡ್ಡೆ, ಸೀಗೆ ಮೆಳೆ ಏನೇನೋ ಇರುತ್ತಿದ್ದವು. ನೀರು ಅವಕ್ಕೆಲ್ಲ ಎಡವಿಕೊಂಡು, ಬಳಸಿಕೊಂಡು, ಅರ್ಧ ಅಲ್ಲೇ ಇಂಗಿ, ಮಿಕ್ಕಿದ್ದು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹಿಂದಿನದೆಲ್ಲ ಚಿನ್ನ ಅಂತ ನಾವು ಹೇಳುತ್ತಿಲ್ಲ. ಆಗಲೂ ಮಣ್ಣಿನ ಗೋಡೆಗಳು ಮಳೆಗೆ ನೆನೆದು ಬೀಳುತ್ತಿದ್ದವು. ತಾರಸಿ ಮನೆ ಕಟ್ಟಿಕೊಂಡವರನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ, ನಮ್ಮ ಮನೆಗಳೂ ಈಗ ತಾರಸಿಯವೇ. ಆದರೆ ಸೂರಿನ ನೀರನ್ನೆಲ್ಲ ಕೂಡಿಸಿ ನಾಲ್ಕು ಇಂಚಿನ ಒಂದು ಪೈಪಿಗೆ ತುಂಬಿದ ಮೇಲೆ, ಆ ಪೈಪಿನ ಬಾಯಿ ಎಲ್ಲಿ ಅಂತ ಯೋಚಿಸಿದವರು ಕಡಿಮೆ. ಗೋಡೆಯಾಚೆ ಹೋಯ್ತಾ, ಮುಗೀತು.

ಆ ಅಜ್ಜಿ ಮಗಳ ಮನೆಯಿಂದ ಬಂದವರು ಒಂದೇ ಮಾತು ಹೇಳಿದರು. "ನಿಮ್ಮಪ್ಪ ಇದ್ದಾಗ ನೀರು ಸೀಗೆ ಮೆಳೆ ಪಕ್ಕ ಬಳಸ್ಕೊಂಡು ಓಣಿಗೆ ಬೀಳ್ತಿತ್ತು. ಗ್ವಾಡೆ ಕಟ್ಟೋವಾಗ ನನ್ನ ಕೇಳ್ದವ್ರು ಯಾರು?"

ಯಾರೂ ಕೇಳಿರಲಿಲ್ಲ. ಅಣ್ಣತಮ್ಮ ಭಾಗವಾಗಿ ಹನ್ನೊಂದು ವರ್ಷ. ಭಾಗಪತ್ರವನ್ನು ನಾವು ಕೇಳಿ ನೋಡಿದೆವು. ತೆಂಗಿನ ಮರ ಯಾರಿಗೆಷ್ಟು, ಹುಣಸೆ ಮರದ ಫಸಲು ಯಾರಿಗೆ, ಓಡಾಡುವ ದಾರಿ ಎಷ್ಟು ಅಡಿ, ಎಲ್ಲ ಇದೆ. ಹಳೇ ಕಾಲದ ಕ್ರಮದಂತೆ ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಅಷ್ಟಭೋಗದ ಸಾಲೂ ಇದೆ. ಈ ಸಾಲು ಶಾಸನಗಳ ಕಾಲದಿಂದ ಬಂದದ್ದು, ಬರೆಯುವವರು ಕಣ್ಣು ಮುಚ್ಚಿಕೊಂಡು ಬರೆಯುತ್ತಾರೆ. ಅಂದರೆ ಜಾಗದಲ್ಲಿ ಸಿಕ್ಕುವ ನೀರು ಅನುಭವಿಸುವ ಹಕ್ಕು ನಿನ್ನದು. ಮೇಲಿಂದ ಬಂದ ನೀರನ್ನು ಎಲ್ಲಿಗೆ ಬಿಡಬೇಕು ಅನ್ನುವ ಹೊಣೆಯ ಬಗ್ಗೆ ಒಂದಕ್ಷರ ಇಲ್ಲ. ಚಕ್ಕುಬಂದಿಯಲ್ಲೂ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತ ಇರುತ್ತದೆಯೇ ಹೊರತು ಮೇಲೆ ಯಾರು, ಕೆಳಗೆ ಯಾರು ಅಂತ ಇರುವುದಿಲ್ಲ. ಇ-ಸ್ವತ್ತು ಮಾಡಿಸಿದರೂ ಅಷ್ಟೇ. ಕಾಗದದ ಮೇಲೆ ನಮ್ಮೂರೆಲ್ಲ ಚಪ್ಪಟೆ.

ಕಾನೂನು ಮಾತ್ರ ಇಳಿಜಾರನ್ನು ಮರೆತಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 7ನೇ ಸೆಕ್ಷನ್ನಿನಲ್ಲಿ ಇದಕ್ಕೆ ಉದಾಹರಣೆಯನ್ನೇ ಕೊಟ್ಟಿದ್ದಾರೆ. ಮೇಲಿನ ಜಮೀನಿನಲ್ಲಿ ಬಿದ್ದ ನೀರು, ಗೊತ್ತಾದ ಕಾಲುವೆಯಲ್ಲಿ ಅಲ್ಲದೆ, ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವನು ಅದನ್ನು ಹರಿಯಗೊಡಬೇಕು. ಇದು ಮೇಲಿನವನ ಹಕ್ಕು. ಅಣ್ಣನ ಕಡೆಯವರು ಇದನ್ನು ಕೇಳಿದರೆ ಮೀಸೆ ತಿರುವಬಹುದು. ಆದರೆ 'ಸಹಜವಾಗಿ' ಅನ್ನೋ ಪದ ನೋಡಿ. ತಾರಸಿ ನೀರನ್ನೆಲ್ಲ ಕೂಡಿಸಿ, ಪೈಪಿನಲ್ಲಿ ತಂದು, ಒಂದೇ ಜಾಗಕ್ಕೆ ಬಿಡುವುದನ್ನು ನಾವಂತೂ ಸಹಜ ಅನ್ನಲಾರೆವು. ಹಾಗೆಯೇ ಕೆಳಗಿನವನು ಸಹಜವಾಗಿ ಬರುವ ನೀರಿಗೆ ಅಡ್ಡ ಗೋಡೆ ಕಟ್ಟಿ ತಡೆಯುವುದೂ ತಪ್ಪೇ. ಈ ಮನೆಯಲ್ಲಿ ಎರಡೂ ನಡೆದಿತ್ತು. ಪೈಪು ಅಣ್ಣನದು, ಆದರೆ ಗೋಡೆಗೆ ಇಬ್ಬರೂ ಅರ್ಧರ್ಧ ದುಡ್ಡು ಹಾಕಿದ್ದರು. ನೀರು ಆಚೆ ಹೋಗಲು ಒಂದೇ ಒಂದು ತೂತೂ ಇಲ್ಲದ ಹಾಲೋಬ್ಲಾಕ್ ಗೋಡೆ. ತಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು.

ನೀರಿನ ತೂಕ ನಮಗೆ ಅಂದಾಜಿಗೆ ಸಿಗುವುದಿಲ್ಲ. ಗೋಡೆಯ ಹಿಂದೆ ಮೂರಡಿ ಎತ್ತರ ನೀರು ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದವನ್ನೂ ಅದು 400 ಕೆ.ಜಿ.ಗಿಂತ ಹೆಚ್ಚಿನ ಬಲದಿಂದ ತಳ್ಳುತ್ತದೆ. ನಿಂತ ನೀರು ಒಂದಡಿ ಅಗಲ ಇರಲಿ, ಕೆರೆಯಷ್ಟು ಅಗಲ ಇರಲಿ, ತಳ್ಳುವ ಬಲ ಎತ್ತರದಿಂದ ಬರುವುದು. ಜೊತೆಗೆ ನೆನೆದ ಮಣ್ಣಿನ ಭಾರ ಬೇರೆ. ಆರಿಂಚಿನ ಗೋಡೆ ತಡೆಯುವುದಾದರೂ ಹೇಗೆ?

ಇದು ಅಣ್ಣತಮ್ಮನ ಹಿತ್ತಲಿಗೆ ಮುಗಿಯುವ ಕಥೆ ಅಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಬಕ್ಷಿ ಕೆರೆ ನೀರು ನುಗ್ಗಿದ್ದು, ಮೈಸೂರು ರಸ್ತೆಯಲ್ಲಿ ಬಸ್ಸು ಕಾರುಗಳು ಮುಳುಗಿ ನಿಂತಿದ್ದು ಎಲ್ಲರಿಗೂ ನೆನಪಿದೆ. ಮುಂದಿನ ವರ್ಷ, 2023ರ ಮಾರ್ಚ್ 12ರಂದು ಪ್ರಧಾನಿ ದಶಪಥ ಹೆದ್ದಾರಿ ಉದ್ಘಾಟಿಸಿ ಹೋದರು. ಒಂದು ವಾರವೂ ಆಗಿರಲಿಲ್ಲ, ಒಂದು ಬೇಸಿಗೆ ಮಳೆಗೆ ಸಂಗನಬಸವನದೊಡ್ಡಿ ಹತ್ತಿರ ರಸ್ತೆಯ ಮೇಲೆ ನೀರು ನಿಂತಿತು. ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆ ಏನು ಗೊತ್ತೇ? ಹಳ್ಳಿಯವರು ತಮ್ಮ ಹೊಲಕ್ಕೆ ಹೋಗಲು ಚರಂಡಿಗೆ ಮಣ್ಣು ಹಾಕಿ ದಾರಿ ಮಾಡಿಕೊಂಡಿದ್ದರು, ಅದರಿಂದ ನೀರು ಕಟ್ಟಿಕೊಂಡಿತು ಅಂತ. ಹಳ್ಳಿಯವರನ್ನು ಬೈಯುವುದು ಸುಲಭ. ಆದರೆ ಮೊದಲಿದ್ದ ದಾರಿಗೆ ರಸ್ತೆ ಅಡ್ಡ ಬಂದರೆ ಜನ ಎಲ್ಲಾದರೂ ದಾರಿ ಮಾಡಿಕೊಳ್ಳುತ್ತಾರೆ. ನೀರೂ ಹಾಗೇ ಮಾಡುತ್ತದೆ. ಸಾವಿರಾರು ಕೋಟಿಯ ರಸ್ತೆಯಲ್ಲಿ ಆದದ್ದು, ಆರಿಂಚಿನ ಗೋಡೆಯಲ್ಲಿ ಆದದ್ದು ಒಂದೇ: ಇಳಿಜಾರಿಗೆ ಅಡ್ಡ ಕಟ್ಟಿದರು, ಬಿಟ್ಟ ಬಾಯಿ ಸಾಲಲಿಲ್ಲ. (2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯಿತು. ಇಳಿಜಾರು ಮಾತ್ರ ಮೊದಲಿದ್ದ ಕಡೆಗೇ ಇದೆ.)

ಹಾಗಾದರೆ ಹಿತ್ತಲಲ್ಲಿ ಮಾಡುವುದೇನು? ನಾವು ಎಂಜಿನಿಯರುಗಳಲ್ಲ. ಬದು ಹಾಕಿ ಗೊತ್ತಿರುವ ರೈತರನ್ನು, ಗಾರೆ ಕೆಲಸದವರನ್ನು ಕೇಳಿದ್ದು, ನಮ್ಮ ಮನೆಗಳಲ್ಲಿ ಮಾಡಿ ನೋಡಿದ್ದು ಇಷ್ಟು.

ಮೊದಲು ಮಾಡಬೇಕಾದ್ದಕ್ಕೆ ಕಾಸು ಖರ್ಚಿಲ್ಲ. ಜೋರು ಮಳೆ ಬರುವಾಗ ಛತ್ರಿ ಹಿಡಿದು ಹಿತ್ತಲಿಗೆ ಹೋಗಿ ನಿಲ್ಲಿ. ಗುಡುಗು ಸಿಡಿಲು ಇದ್ದರೆ ಬೇಡ. ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿ ಓಡುತ್ತೆ, ಎಲ್ಲಿ ಕೆಂಪಗಾಗುತ್ತೆ ನೋಡಿ. ಕೆಂಪಾದ ಕಡೆ ನಿಮ್ಮ ಮಣ್ಣು ಹೊರಟಿದೆ ಅಂತ ಅರ್ಥ. ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಬಿಸಿಲಲ್ಲಿ ನಿಂತು "ಹಿಂಗ್ ಹೋಗುತ್ತೆ" ಅಂತ ತೋರಿಸುವವರ ಮಾತು ಅರ್ಧ ತಪ್ಪಿರುತ್ತದೆ. ನಮ್ಮದೂ ತಪ್ಪಿತ್ತು. ನಮ್ಮಲ್ಲೊಬ್ಬರ ಮನೆಯಲ್ಲಿ ಬಲಗಡೆಯಿಂದ ನೀರು ಬರುತ್ತೆ ಅಂದುಕೊಂಡು ಎರಡು ದಿನ ಗುದ್ದಲಿ ಹಿಡಿದು ಕಾಲುವೆ ತೋಡಿದೆವು. ಮಳೆ ಬಂದಾಗ ನೀರು ಎಡಗಡೆ ಬಚ್ಚಲ ಹಿಂದಿನಿಂದ ಬಂತು.

ಆಮೇಲೆ ಹಿತ್ತಲ ಮೇಲ್ಗಡೆ ಅಂಚಿನಲ್ಲಿ, ನೀರು ಒಳಗೆ ಬರುವಲ್ಲೇ, ಇಳಿಜಾರಿಗೆ ಅಡ್ಡಲಾಗಿ ಒಂದು ಕಾಲುವೆ. ಒಂದೂವರೆ ಅಡಿ ಅಗಲ, ಒಂದಡಿ ಆಳ ಇದ್ದರೆ ಸಾಮಾನ್ಯ ಹಿತ್ತಲಿಗೆ ಸಾಕು. ತೆಗೆದ ಮಣ್ಣನ್ನು ಕೆಳಗಡೆ ಅಂಚಿಗೇ ಬದುವಾಗಿ ಹಾಕಿ ತುಳಿಯಬೇಕು. ಎಲ್ಲರೂ ತಪ್ಪುವುದು ಕಾಲುವೆಯ ವಾಟದಲ್ಲಿ. ನೇರ ಕೆಳಮುಖವಾಗಿ ತೋಡಿದರೆ ಎರಡು ಮಳೆಗೆ ಅದು ಕೊರಕಲು. ನೀರಿನ ವೇಗ ಎರಡರಷ್ಟಾದರೆ ಅದು ಮಣ್ಣು ಹೊತ್ತೊಯ್ಯುವ ಶಕ್ತಿ ಎರಡರಷ್ಟಲ್ಲ, ಹಲವು ಪಟ್ಟು. ನೂರು ಅಡಿ ಉದ್ದಕ್ಕೆ ಅರ್ಧದಿಂದ ಒಂದಡಿ ಇಳಿದರೆ ಸಾಕು. ಇದನ್ನು ಕಣ್ಣಳತೆಯಲ್ಲಿ ಮಾಡಲು ಆಗುವುದಿಲ್ಲ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದಲ್ಲ, ಅದನ್ನು ಒಂದು ಬೆಳಿಗ್ಗೆ ಇಸ್ಕೊಂಡು ಬನ್ನಿ. ಎರಡು ಕೋಲಿಗೆ ಎರಡು ತುದಿ ಕಟ್ಟಿ, ನೀರಿನ ಮಟ್ಟ ನೋಡಿಕೊಂಡು ಗೂಟ ಹೊಡೆಯುತ್ತಾ ಹೋದರೆ ಶಾಲೆಗೆ ಹೋಗುವ ಮಕ್ಕಳೂ ಗುರುತು ಮಾಡುತ್ತಾರೆ. ಕಾಲುವೆ ಮುಗಿಯುವ ಬಾಯಲ್ಲಿ ನಾಲ್ಕು ಮಂಕರಿ ಕಲ್ಲು ಹಾಕಿ. ನಮ್ಮ ಕಡೆ ಇನ್ನೇನಕ್ಕೆ ಬರ ಇದ್ದರೂ ಕಲ್ಲಿಗೆ ಬರ ಇಲ್ಲ.

ಬದುವಿನ ಮೇಲೆ ಸೀಮೆಹುಲ್ಲು. ಹಾಲು ಡೇರಿಗೆ ಹಾಕುವ ಮನೆಗಳಲ್ಲಿ ಇದಕ್ಕೆ ಜಾಗ ಇಲ್ಲ ಅನ್ನೋ ಮಾತು ಬರುವುದೇ ಇಲ್ಲ. ಹಸುವಿಗೆ ಮೇವು, ಬದುವಿಗೆ ಬೇರು. ಹಸು ಇಲ್ಲದವರು ಲಾವಂಚ ಅಥವಾ ಮಜ್ಜಿಗೆ ಹುಲ್ಲು ಹಾಕಬಹುದು. ಲಾವಂಚದ ಬೇರು ನೇರ ಆಳಕ್ಕೆ ಇಳಿಯುತ್ತದೆ. ಹುಲ್ಲು ಒತ್ತೊತ್ತಾಗಿ ಒಂದೇ ಸಾಲಾಗಿ ಇರಬೇಕು. ನಡುವೆ ಒಂದು ಸಂದು ಬಿಟ್ಟರೆ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ತರಕಾರಿ ಪಾತಿಗಳನ್ನೂ ಇಳಿಜಾರಿಗೆ ಅಡ್ಡವಾಗಿ ಮಾಡಿ. ಮನೆಯಿಂದ ಗೇಟಿಗೆ ಉದ್ದುದ್ದ ಪಾತಿ ನೋಡಲು ಚೆಂದ, ಆದರೆ ಅದು ಪಾತಿಯಲ್ಲ, ಮೋರಿ.

ಇಂಗುಗುಂಡಿ ಎಲ್ಲರೂ ಹೇಳುವ ಮಾತು. ಎಲ್ಲ ಕಡೆಗೂ ಅದು ಸರಿಹೋಗುವುದಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮೊದಲು ಒಂದಡಿ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಇನ್ನೊಂದು ಸಲ ತುಂಬಿ ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಗರಸು ನೆಲ, ಗುಂಡಿ ಮಾಡಬಹುದು. ಮಾರನೇ ದಿನವೂ ನೀರು ಹಾಗೇ ಇದ್ದರೆ ಅಲ್ಲಿ ಜೇಡಿ ಇದೆ, ಇಲ್ಲವೇ ಕೆಳಗೆ ಬಂಡೆ ಇದೆ. ಅಂಥ ಕಡೆ ಗುಂಡಿ ಮಾಡಿದರೆ ಸೊಳ್ಳೆ ಸಾಕಿದ ಹಾಗೆ. ಬಂಡೆಯ ನಾಡಿನಲ್ಲಿ ಇದು ಅಪರೂಪವೇನಲ್ಲ. ಅಲ್ಲಿ ನೀರನ್ನು ಮೆಲ್ಲಗೆ ಓಣಿ ಚರಂಡಿಗೋ ಹಳ್ಳಕ್ಕೋ ತಲುಪಿಸುವುದೇ ಸರಿ. ಗುಂಡಿ ಮಾಡುವವರು ಮನೆಯ ಪಾಯದಿಂದ ಹತ್ತಡಿಯಾದರೂ ದೂರ ಮಾಡಿ. ಶೌಚದ ಗುಂಡಿಯ ಹತ್ತಿರ ಬೇಡ. ಗೋಡೆಯ ಬುಡಕ್ಕಂತೂ ಬೇಡವೇ ಬೇಡ. ಬಚ್ಚಲ ನೀರಿಗೆ ಬಾಳೆ ಪಾತಿ ನಮ್ಮ ಅಜ್ಜಿಯರು ಕಂಡುಕೊಂಡಿದ್ದು, ಅದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ.

ಗೋಡೆ ಕಟ್ಟಲೇಬೇಕಾದರೆ ಬುಡದಲ್ಲಿ ನಾಲ್ಕೈದು ಅಡಿಗೊಂದರಂತೆ ಪೈಪಿನ ತುಂಡು ಇಟ್ಟು ತೂತು ಬಿಡಿ, ಹಿಂದೆ ಜಲ್ಲಿ ತುಂಬಿಸಿ. ಅಡ್ಡ ನಿಂತ ಸಹಜ ನೀರಿಗೆ ಈ ತೂತು. ತಾರಸಿ ಪೈಪಿನ ನೀರನ್ನು ಇದರೊಳಗೆ ಬಿಟ್ಟು ಕೆಳಗಿನವರ ಮೇಲೆ ಚೆಲ್ಲಬೇಡಿ. ನಮ್ಮ ಆಯ್ಕೆ ಕೇಳಿದರೆ, ಆಳೆತ್ತರದ ಒಂದು ಸಿಮೆಂಟ್ ಗೋಡೆಗಿಂತ ಎರಡಡಿ ಎತ್ತರದ ಕಲ್ಲುಕಟ್ಟು ಎರಡು ಮೂರು ಮೆಟ್ಟಿಲಾಗಿ ಇರುವುದು ಮೇಲು. ಗಾರೆ ಇಲ್ಲದೆ ಸೈಜುಗಲ್ಲು ಜೋಡಿಸಿದ ಕಟ್ಟಿನಲ್ಲಿ ನೀರು ಸಂದಿಯಿಂದ ತಾನೇ ಸೋರಿ ಹೋಗುತ್ತದೆ. ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಆದರೆ ಇನ್ನೂ ಇದ್ದಾರೆ.

"ನಮ್ಮದೇ ಮೂವತ್ತು ನಲವತ್ತು ಜಾಗ, ಅದರಲ್ಲಿ ಕಾಲುವೆ ಎಲ್ಲಿ, ಬದು ಎಲ್ಲಿ?" ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಅಷ್ಟು ಚಿಕ್ಕ ಜಾಗದವರು ಕಾಲುವೆ ತೋಡುವುದು ಬೇಡ, ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕದಿದ್ದರೆ ಸಾಕು. ಓಡಾಡುವಲ್ಲಿಗೆ ಚಪ್ಪಡಿ, ಮಿಕ್ಕ ಕಡೆ ಮಣ್ಣು. ತಾರಸಿ ನೀರಿಗೆ ಒಂದು ಡ್ರಮ್ಮೋ ಸಂಪೋ ಇರಲಿ, ಮುಚ್ಚಳ ಮರೆಯಬೇಡಿ. ತುಂಬಿ ಮಿಕ್ಕಿದ್ದು ಯಾರ ಜಾಗಕ್ಕೆ ಬೀಳುತ್ತೆ ಅಂತ ಅವರನ್ನು ಒಂದು ಮಾತು ಕೇಳಿ.

ಪಂಚಾಯಿತಿಗಳಿಗೂ ನಮ್ಮದೊಂದು ಮಾತಿದೆ. ಸಿ.ಸಿ. ರಸ್ತೆ ಹಾಕುವಾಗ ಹಳೆಯದನ್ನು ಅಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ, ಹತ್ತು ವರ್ಷದಲ್ಲಿ ರಸ್ತೆ ಮನೆಗಳ ಹೊಸ್ತಿಲಿಗಿಂತ ಮೇಲಿರುತ್ತದೆ. ಆಗ ರಸ್ತೆಯೇ ಕಾಲುವೆ, ಕೆಳಗಿನ ಬೀದಿಯೇ ಕೆರೆ. ಚರಂಡಿ ಶುರುವಾಗುವುದಕ್ಕೆ ಪೂಜೆ ಮಾಡುತ್ತಾರೆ, ಅದು ಎಲ್ಲಿ ಮುಗಿಯುತ್ತೆ ಅಂತ ಕೇಳುವವರಿಲ್ಲ. ಎಷ್ಟೋ ಚರಂಡಿಗಳು ಅನುದಾನ ಮುಗಿದ ಜಾಗದಲ್ಲಿ ಮುಗಿಯುತ್ತವೆ, ಹಳ್ಳ ಸಿಗುವ ಜಾಗದಲ್ಲಲ್ಲ. ಬದುವಿಗೆ, ಬಚ್ಚಲು ಗುಂಡಿಗೆ ನರೇಗಾದಲ್ಲಿ ದುಡ್ಡು ಸಿಕ್ಕಿದೆ, ಮಾಡಿಸಿಕೊಂಡವರಿಗೆ ಅನುಕೂಲವೂ ಆಗಿದೆ. ಆದರೆ ಒಬ್ಬೊಬ್ಬರ ಮನೆಗೆ ಒಂದೊಂದು ಗುಂಡಿ ಅಂತ ಹಂಚಿದರೆ ಬೀದಿಯ ನೀರು ನಿಲ್ಲುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಈ ಬೀದಿಯ ನೀರು ತಲೆಯಿಂದ ಬುಡದವರೆಗೆ ಹೇಗೆ ಹೋಗುತ್ತೆ ಅಂತ.

ಹಿಂದೆ ಇದೇ ಸೀಮೆಯಲ್ಲಿ ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ ಅಂತ ಸರಪಣಿ ಮಾಡಿದ್ದರು. ತೂಬು ಎತ್ತಲು, ಇಳಿಸಲು ನೀರಗಂಟಿ ಇರುತ್ತಿದ್ದ. ಊರಿಂದ ಊರಿಗೆ ನೀರು ದಾಟಿಸಿ ಗೊತ್ತಿದ್ದವರ ಮೊಮ್ಮಕ್ಕಳಾದ ನಮಗೆ ಈಗ ಹಿತ್ತಲಿಂದ ಹಿತ್ತಲಿಗೆ ನೀರು ದಾಟಿಸಲು ಬರುತ್ತಿಲ್ಲ. ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ನಮ್ಮ ಹಿತ್ತಲ ಮೇಲ್ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆಯಲ್ಲಿ ಗೋಡಾಗುತ್ತದೆ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಅದೇ ಗೋಡನ್ನು ತಂದು ತೆಂಗಿನ ಬುಡಕ್ಕೆ ಹಾಕುತ್ತೇವೆ.

ಅಣ್ಣತಮ್ಮನ ವಿಷಯ. ಕರುವಿನ ದುಡ್ಡು ಕೊಡುವುದಿಲ್ಲ ಅಂತ ಅಣ್ಣ ಮೊದಲು ಹಟ ಹಿಡಿದರು, ಸಂಕ್ರಾಂತಿ ಹೊತ್ತಿಗೆ ಕೊಟ್ಟರು. ಗೋಡೆ ಮತ್ತೆ ಕಟ್ಟಲಿಲ್ಲ. ಯುಗಾದಿ ಕಳೆದ ಮೇಲೆ ಬಿದ್ದ ಗೋಡೆಯ ಜಾಗದಲ್ಲೇ ಅಡ್ಡ ಕಾಲುವೆ ತೋಡಿ, ಅಜ್ಜಿ ತೋರಿಸಿದ ಹಳೇ ಸೀಗೆ ಮೆಳೆಯ ಕಡೆಯಿಂದ ಓಣಿ ಚರಂಡಿಗೆ ಬಿಟ್ಟಿದ್ದಾರೆ. ತಾರಸಿ ಪೈಪೂ ಈಗ ಆ ಕಾಲುವೆಗೇ. ಬದುವಿನ ಮೇಲಿನ ಸೀಮೆಹುಲ್ಲು ತಮ್ಮನ ಹಸುವಿಗೆ ಅಂತ ಮಾತಾಗಿದೆ. ಕಾಲುವೆ ಇಬ್ಬರ ಜಾಗದಲ್ಲೂ ಮುಕ್ಕಾಲು ಅಡಿ, ಮುಕ್ಕಾಲು ಅಡಿ ತಿಂದಿದೆ.

ಇದನ್ನು ಛಾಪಾ ಕಾಗದದ ಮೇಲೆ ಬರೆದುಕೊಳ್ಳೋಣ, ನಾಳೆ ನಮ್ಮ ಮಕ್ಕಳು ಮುಚ್ಚಬಾರದು ಅನ್ನುತ್ತಾರೆ ತಮ್ಮ. ಒಡಹುಟ್ಟಿದವರ ನಡುವೆ ಅದೆಂಥ ಕಾಗದ ಅನ್ನುತ್ತಾರೆ ಅಣ್ಣ. "ಬರೀರಿ, ನಾನಿರೋವಾಗ್ಲೇ ಬರೀರಿ" ಅನ್ನುತ್ತಾರೆ ಅಜ್ಜಿ. ಕಾಗದ ತಂದು ಬೀರುವಿನಲ್ಲಿಟ್ಟಿದ್ದಾರೆ. ಭರಣಿ ಮಳೆ ಒಂದು ಸಲ ಬಂದು ಹೋಯಿತು, ಇನ್ನೂ ಬರೆದಿಲ್ಲ.